ಪಾಳೆಯಗಾರನ ಮೂರನೇ ಮಗನ ಸಂತಾನ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ. ಬಿಟ್ಟದ್ದು ಎನ್ನುತ್ತಿದ್ದೇನೆ, ಗಮನಿಸಿ. ಯಾರೂ ಬಿಡಿಸಲಿಲ್ಲ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದೂ ಅಲ್ಲ. ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕಕ್ಕೆ ನನ್ನನ್ನು ಮೀರಿಸುವವರಿರಲಿಲ್ಲ. ಆ ವರ್ಷ ಅಪ್ಪ ತೀರಿಕೊಂಡರು. ಮನೆಯಲ್ಲಿ ರೇಷ್ಮೆ ಹುಳು ಜ್ವರದಿಂದ ಏಳುವ ಹೊತ್ತು. ಹುಳು ಮೇವು ಬಿಟ್ಟು, ತಲೆಯೆತ್ತಿ, ಧ್ಯಾನಕ್ಕೆ ಕೂತ ಹಾಗೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರದಿಂದೆದ್ದ ಹುಳುವಿನ ಹಸಿವಿಗೆ ಸಾವು ಗೊತ್ತಿಲ್ಲ, ಭಾನುವಾರ ಗೊತ್ತಿಲ್ಲ. ಆದರೆ ಸೂತಕದ ಮನೆಯವರು ಹುಳು ಮನೆಗೆ ಕಾಲಿಡುವಂತಿಲ್ಲ, ಅದು ಕಟ್ಟು. ಪಕ್ಕದ ಮನೆಯವರು ಸೊಪ್ಪು ಹಾಕಿದರು. ಪಕ್ಕದ ಮನೆಯವರು ಹಾಕುವ ಹಾಗೆಯೇ ಹಾಕಿದರು. ಆ ಬೆಳೆ ಪೂರ್ತಿ ಹೋಯಿತು. ಮುಂದಿನ ಬೆಳೆಗೆ ಮೊಟ್ಟೆ ತಂದವನು ನಾನು. ಅವತ್ತಿನಿಂದ ಇವತ್ತಿನವರೆಗೆ ನನ್ನ ಮೇಷ್ಟ್ರು ಆ ಹುಳುವೇ. ಅದು ಯಾರಿಗೂ ಪುಕ್ಕಟೆ ಮಾರ್ಕು ಕೊಡುವುದಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವಾರ ಚಿಕ್ಕಬಳ್ಳಾಪುರದಿಂದ ಒಬ್ಬ ಹೈಸ್ಕೂಲು ಮೇಷ್ಟ್ರು ಸೈಕಲ್ ಮೇಲೆ ಬಂದಿದ್ದರು. ಇನ್ನೂ ಎಳೆಯ ಹುಡುಗ, ಕನ್ನಡಕ ಮಾತ್ರ ವಯಸ್ಸಾದದ್ದು. ನಾನು ಜಗಲಿಯ ಮೇಲೆ ಕೂತು, ಮರಿ ಹುಳುವಿನ ತಟ್ಟೆಗೆ ಹಾಸಲು ಹಳೇ ಕಾಗದ ಹರಡುತ್ತಿದ್ದೆ. ಅಟ್ಟದಿಂದ ಇಳಿಸಿದ ಕಂತೆಯಲ್ಲಿ ಒಂದು ದೊಡ್ಡ ಅಚ್ಚಿನ ಹಾಳೆ ಸಿಕ್ಕಿತು. ಗಟ್ಟಿ ಕಾಗದ, ತಟ್ಟೆಯ ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು. ಮೇಷ್ಟ್ರು ಅದನ್ನು ನೋಡಿ ಬೆಚ್ಚಿಬಿದ್ದರು.

"ಏನ್ರೀ ಇದು! ಮನೆತನ ಚರಿತ್ರೆ ಸಂಘದ ವೃಕ್ಷ ಅಲ್ವೇ? ಇದನ್ನ ಹುಳುವಿನ ಕೆಳಗೆ ಹಾಕ್ತಿದ್ದೀರಾ?"

"ಹೆದರಬೇಡಿ ಸಾರ್," ಎಂದೆ. "ಹುಳು ಇದನ್ನ ತಿನ್ನಲ್ಲ. ಅದಕ್ಕೆ ರುಚಿ ಗೊತ್ತು."

ಮೇಷ್ಟ್ರು ನಗಲಿಲ್ಲ. ಆ ಸಂಘವನ್ನು ಮತ್ತೆ ಎಬ್ಬಿಸುವ ಸಂಕಲ್ಪ ಮಾಡಿದ್ದಾರಂತೆ. ಹಳೆಯ ಸದಸ್ಯನಾದ ನಾನು, ಸಂಘ ಸೇರುವುದರಿಂದ ಆಗುವ ಪ್ರಯೋಜನಗಳ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕಂತೆ. ಜನಕ್ಕೆ ಉತ್ಸಾಹ ಬರುವ ಹಾಗಿರಬೇಕಂತೆ. ಓದು ಬಿಟ್ಟವನನ್ನು ಬರೆ ಎಂದು ಕೇಳಿದ ಮೊದಲ ಮೇಷ್ಟ್ರು ಅವರು. ಆ ಮರ್ಯಾದೆಗಾಗಿ ಬರೆಯುತ್ತಿದ್ದೇನೆ. ಉತ್ಸಾಹದ ಹೊಣೆ ನನ್ನದಲ್ಲ.

ಚರಿತ್ರೆ ಎಂಬುದು ಮೊದಲು ನಮ್ಮ ಹಳ್ಳಿಗೆ ಎತ್ತಿನ ಮೇಲೆ ಕೂತು ಬರುತ್ತಿತ್ತು. ಹೆಳವರು ನಿಮಗೆ ಗೊತ್ತಲ್ಲ, ಕೊರಳಲ್ಲಿ ಗಂಟೆ ಕಟ್ಟಿದ ಎತ್ತಿನ ಮೇಲೆ ಕಂಬಳಿ ಹೊದ್ದು ಬಂದು, ಇಳಿಯದೆಯೇ ಮನೆ ಮುಂದೆ ನಿಂತು, ತಾತ ಮುತ್ತಾತಂದಿರ ಹೆಸರನ್ನು ಒಂದೇ ಉಸಿರಿಗೆ ಹೇಳುವವರು. ಚಿಕ್ಕವನಾಗಿದ್ದಾಗ ನನಗೆ, ಆ ಎತ್ತಿನ ಬೆನ್ನಿನ ಎರಡು ಹಸುಬೆ ಚೀಲದೊಳಗೆ ಸತ್ತ ಹಿರಿಯರೆಲ್ಲ ಮಡಿಸಿಕೊಂಡು ಕೂತಿದ್ದಾರೆ ಎಂದೇ ನಂಬಿಕೆ. ಬೇರೆ ಮನೆಯವರು ಕೈಮುಗಿದು ಕೇಳಿಸಿಕೊಂಡು ಆಮೇಲೆ ರಾಗಿ ಕೊಡುತ್ತಿದ್ದರು. ನಮ್ಮ ಪಿಳ್ಳಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಅವನು ಬಾಯಿ ತೆರೆಯುವ ಮುಂಚೆಯೇ ಮೊರದ ತುಂಬ ರಾಗಿ ತಂದು ಸುರಿದು, "ಮುಂದಿನ ಮನೇಗೆ ಹೋಗಪ್ಪ, ಬಿಸ್ಲು ಏರ್ತಾ ಐತೆ" ಎಂದು ಕಳಿಸಿಬಿಡುತ್ತಿದ್ದಳು. ಅಜ್ಜಿ ಎಂಥ ಧಾರಾಳಿ ಎಂದುಕೊಂಡಿದ್ದೆ.

ಸಂಘ ಬಂದಮೇಲೆ ಹೆಳವರ ಮರ್ಯಾದೆ ಹೋಯಿತು. ಅವರು ರಾಗಿಗೆ ಹಾಡುತ್ತಾರೆ, ಅದು ಪ್ರಮಾಣವಲ್ಲ ಎಂದು ಸಂಘ ತೀರ್ಮಾನಿಸಿತು. ಸಂಘ ಚಂದಾಕ್ಕೆ ಬರೆಯುತ್ತಿತ್ತು. ಆದ್ದರಿಂದ ಅದು ಪ್ರಮಾಣ.

ಸಂಘ ಹುಟ್ಟಿದ್ದು ಚಿಂತಾಮಣಿಯಲ್ಲಿ, ಶೇಕದಾರ್ ವೆಂಕಟರಮಣಪ್ಪನವರ ಮನೆಯ ಪಡಸಾಲೆಯಲ್ಲಿ. ನಿವೃತ್ತರಾದವರಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಭಜನೆ ಬರುತ್ತದೆ. ಶೇಕದಾರರಿಗೆ ಚರಿತ್ರೆ ಬಂತು. ಬದುಕೆಲ್ಲ ರೆವಿನ್ಯೂ ಇಲಾಖೆಯಲ್ಲಿ ಯಾರ ಜಮೀನು ಯಾರಪ್ಪನದು ಎಂದು ಕೇಳಿ ಕೇಳಿ ಅಭ್ಯಾಸವಾಗಿತ್ತು. ಜಮೀನು ಕೈಬಿಟ್ಟಿತು, ಅಪ್ಪ ಉಳಿದ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಕಡೆಯ ಹಳೇ ಮನೆತನಗಳ ಚರಿತ್ರೆಯನ್ನು ಬರೆದಿಡುವುದು ಉದ್ದೇಶ. ಸಭೆ ಒಂದೊಂದು ಸಲ ಒಂದೊಂದು ಊರಲ್ಲಿ. ಉಪ್ಪಿಟ್ಟು, ಕೇಸರಿಬಾತು, ಆಮೇಲೆ ಚರಿತ್ರೆ. ಈ ಅನುಕ್ರಮ ಒಮ್ಮೆಯೂ ತಪ್ಪಿದ್ದಿಲ್ಲ.

ಮೊದಲ ಸಭೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಮೂಲಪುರುಷರಿದ್ದರಂತೆ. ಒಬ್ಬರ ಮುತ್ತಾತ ಎತ್ತಿನ ವ್ಯಾಪಾರಿ, ಒಬ್ಬರದು ಕೆರೆ ಕಾಯುವವನು. ಇನ್ನೊಬ್ಬರ ಮುತ್ತಾತ ಹಿಂದಿನ ಊರಿನಿಂದ ಓಡಿಬಂದವನು. ಯಾಕೆ ಓಡಿದ ಎಂಬುದನ್ನು ಸಭೆ ಕೇಳಲಿಲ್ಲ. ಎರಡನೇ ಸಭೆಯಲ್ಲಿ ಶೇಕದಾರರು ತಾವು ಒಬ್ಬ ಪಾಳೆಯಗಾರನ ಹಿರಿಯ ಮಗನ ವಂಶದವರೆಂದು ಶೋಧಿಸಿ ಓದಿದರು. ಮೂರನೇ ಸಭೆಯ ಹೊತ್ತಿಗೆ ಎತ್ತಿನ ವ್ಯಾಪಾರಿ, ಕೆರೆ ಕಾಯುವವನು, ಓಡಿಬಂದವನು ಎಲ್ಲರೂ ಅದೇ ಪಾಳೆಯಗಾರನ ಮಕ್ಕಳಾಗಿಬಿಟ್ಟಿದ್ದರು. ಆ ಪಾಳೆಯಗಾರನ ಹೆಸರು ನಾನು ಬರೆಯುವುದಿಲ್ಲ. ಅವನು ಸತ್ತು ನೆಮ್ಮದಿಯಾಗಿದ್ದಾನೆ.

ನಾನು ಸಂಘ ಸೇರಿದ್ದು ಚರಿತ್ರೆಗಾಗಿ ಅಲ್ಲ, ಜಯಮ್ಮನಿಗಾಗಿ. ಓದು ಬಿಟ್ಟ ಹತ್ತು ವರ್ಷಕ್ಕೆ ಹೆಣ್ಣು ನೋಡಲು ದಿಬ್ಬೂರಹಳ್ಳಿಗೆ ಹೋದೆ. ಅವಳ ತಂದೆ ಪಟೇಲ್ ಚನ್ನರಾಯಪ್ಪನವರು ಮೀಸೆಯ ಎರಡು ತುದಿಗೂ ಬೇರೆ ಬೇರೆ ಅಭಿಪ್ರಾಯವಿರುವಂಥ ಮನುಷ್ಯರು. ಬೆಂಚಿನ ಮೇಲೆ ಕೂರಿಸಿ ವಿಚಾರಣೆ ಶುರು ಮಾಡಿದರು.

"ಎಷ್ಟು ಓದಿದ್ದೀಯಪ್ಪ?"

"ಮಿಡ್ಲ್ ಸ್ಕೂಲಿಗೇ ಬಿಟ್ಟೆ ಪಟೇಲ್ರೇ."

"ಹೋಗ್ಲಿ. ಜಮೀನು?"

"ಒಂದೂವರೆ ಎಕರೆ ಹಿಪ್ಪುನೇರಳೆ. ಬಾವಿ ಐತೆ. ಹುಳು ಮನೆ ನಾನೇ ಕಟ್ಟಿಸಿದ್ದು."

"ಹೋಗ್ಲಿ. ಮನೆತನ?"

ಮೈ ಉರಿಯಿತು. ಇದ್ದದ್ದನ್ನೆಲ್ಲ ಒಂದೊಂದೇ 'ಹೋಗ್ಲಿ' ಎಂದು ಗುಡಿಸಿ ಹಾಕುತ್ತಿದ್ದರು. "ಮೊದಲಿಂದಾನೂ ಇದೇ ಊರಾಗೆ ಇದೀವಿ" ಎಂದೆ.

"ಮೊದಲು ಅಂದ್ರೆ ಎಲ್ಲಿಂದ ಮೊದಲು? ನಾವು ಪಾಳೆಯಗಾರನ ಎರಡನೇ ಮಗನ ಕಡೆಯೋರು. ಸುಮ್ನೆ ಹೇಳ್ತಿಲ್ಲ ಕಣಯ್ಯಾ, ಸಂಘದಾಗೆ ಬರೆದೈತೆ. ಆ ಪಾಳೆಯಗಾರ ಇದ್ನಲ್ಲ, ಅವನು..."

ಅಷ್ಟರಲ್ಲಿ ಒಳಗಿನಿಂದ ಒಂದು ಧ್ವನಿ: "ಅಪ್ಪಾ, ಕಾಫಿ ಆರೋಗ್ತೈತೆ. ಪಾಳೆಯಗಾರ ಎಲ್ಲೂ ಹೋಗಲ್ಲ, ಆಮೇಲೆ ಹೇಳು."

ಅದು ಜಯಮ್ಮ. ಲೋಟ ನನ್ನ ಕೈಗೆ ಬರುವಷ್ಟರಲ್ಲಿ ತೀರ್ಮಾನವಾಗಿಹೋಗಿತ್ತು. ಕಟ್ಟಿಕೊಂಡರೆ ಈ ಹುಡುಗಿಯನ್ನೇ. ಬಾಗಿಲು ದಾಟುವಾಗ ಪಟೇಲರು ಹೆಗಲ ಮೇಲೆ ಕೈಯಿಟ್ಟು, "ಹುಡುಗ ಕಷ್ಟಜೀವಿ, ಒಪ್ಪಿದೆ. ಆದ್ರೆ ನಾಳೆ ನಮ್ಮೋರು ಕೇಳ್ತಾರೆ, ಯಾರ ಪೈಕಿ ಅಂತ. ಏನಾದ್ರೂ ಒಂದು ಹೇಳೋ ಹಂಗಿರಬೇಕಲ್ಲಪ್ಪ" ಎಂದರು.

ಮಾರನೇ ದಿನವೇ ಚಿಂತಾಮಣಿಯ ಬಸ್ಸು ಹತ್ತಿದೆ.

ಶೇಕದಾರರು ನನ್ನನ್ನು ಕೂರಿಸಿಕೊಂಡು ಕೇಳಿದರು. "ತಂದೆ ಹೆಸರು?" ಹೇಳಿದೆ. "ತಾತನ ಹೆಸರು?" "ಮುನಿಯಪ್ಪ." "ಅವರ ತಂದೆ?"

"ಗೊತ್ತಿಲ್ಲ ಸ್ವಾಮಿ."

ಅವರ ಮುಖ ಅರಳಿತು. "ಒಳ್ಳೇದಾಯ್ತು. ಗೊತ್ತಿದ್ದೋರದ್ದೇ ಕಷ್ಟ ಕಣಯ್ಯ. ತಾವೇ ಹೇಳಿದ್ದು ಬರೀರಿ ಅಂತ ಕೂತ್ಕೋತಾರೆ."

ಪಾಳೆಯಗಾರನಿಗೆ ಒಬ್ಬ ಮೂರನೇ ಮಗನಿದ್ದನಂತೆ. ಅಣ್ಣಂದಿರ ಮೇಲೆ ಮುನಿಸಿಕೊಂಡು ಕಾಡಿಗೆ ಹೋದವನು ತಿರುಗಿ ಬರಲಿಲ್ಲ. ಪುಣ್ಯಾತ್ಮ ಆ ಕಾಡಿನಲ್ಲಿ ಸುಮ್ಮನಿರಲಿಲ್ಲವೆಂದು ಕಾಣುತ್ತದೆ. ಮುತ್ತಾತನ ಹೆಸರು ಗೊತ್ತಿಲ್ಲದ ಸದಸ್ಯರೆಲ್ಲ ಅವನ ಸಂತಾನವೇ. ಪ್ರತಿ ಸಭೆಗೂ ಅವನಿಗೆ ಹೊಸ ಮಕ್ಕಳಾಗುತ್ತಿದ್ದರು. ಒಂದು ಜಮೀನನ್ನು ಹಿಸ್ಸೆ ಮಾಡಿ ನಂಬರು ಹಾಕುವುದಕ್ಕೆ ರೆವಿನ್ಯೂದವರು ಪೋಡಿ ಎನ್ನುತ್ತಾರಲ್ಲ, ಶೇಕದಾರರು ಮೂರನೇ ಮಗನನ್ನು ಪೋಡಿ ಮಾಡುತ್ತಿದ್ದರು. ನನಗೆ ಮೂರು ಬಾರ್ ಹನ್ನೊಂದು ಬಂತು. ಹೊರಗೆ ಬಂದಾಗ ನನ್ನ ನಡಿಗೆ ಬೇರೆಯಾಗಿತ್ತು. ಬಸ್ಸಿನಲ್ಲಿ ಕಂಡಕ್ಟರು "ಮುಂದೆ ಹೋಗಯ್ಯಾ" ಎಂದದ್ದಕ್ಕೆ, ಇವನಿಗೆ ಯಾರ ಹತ್ತಿರ ಮಾತಾಡುತ್ತಿದ್ದೇನೆಂದು ಗೊತ್ತಿಲ್ಲ, ಪಾಪ ಎಂದು ಕ್ಷಮಿಸಿದೆ.

ಪಟೇಲರು ಒಪ್ಪಿದರು. ತಾಂಬೂಲ ಬದಲಾಯಿಸಿದ್ದಾಯಿತು. ಮೇಷ್ಟ್ರೇ, ಇದನ್ನು ನೀವು ಧಾರಾಳವಾಗಿ ಪ್ರಯೋಜನ ಎಂದು ಬರೆದುಕೊಳ್ಳಬಹುದು.

ಆ ವರ್ಷದ ದೊಡ್ಡ ಸಭೆ ಶಿಡ್ಲಘಟ್ಟದ ಒಂದು ಛತ್ರದಲ್ಲಿ. ಅಲ್ಲಿಯೇ ಈ ಅಚ್ಚಿನ ಹಾಳೆಯನ್ನು ಹಂಚಿದ್ದು. ನಾಟಕದ ಪರದೆ ಬರೆಯುವವನೊಬ್ಬನಿಂದ ಪಾಳೆಯಗಾರನ ಚಿತ್ರ ಬರೆಸಿ ತೂಗುಹಾಕಿದ್ದರು. ಕಿರೀಟ, ಕತ್ತಿ, ಮುತ್ತಿನ ಹಾರ, ಅದರ ಮೇಲೆ ಥೇಟು ಶೇಕದಾರರ ಮುಖ. ಕನ್ನಡಕವೊಂದನ್ನು ಬಿಟ್ಟಿದ್ದರು. ಆ ವೃಕ್ಷವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಕಣ್ಣಿಗೆ ಬೀಳಬೇಕಾದದ್ದು ಅವತ್ತು ಬೀಳಲಿಲ್ಲ. ಅಷ್ಟು ದೊಡ್ಡ ಹಾಳೆಯಲ್ಲಿ ಒಬ್ಬ ಹೆಂಗಸಿನ ಹೆಸರಿಲ್ಲ. ತಲೆಮಾರುಗಟ್ಟಲೆ ಗಂಡಸರು ಗಂಡಸರಿಂದಲೇ ಹುಟ್ಟಿ, ಮೀಸೆ ಸಮೇತ ಬೆಳೆದುಬಿಟ್ಟಿದ್ದರು.

ಸಭೆಗೆ ಹಿರಿಯರೆಂದರೆ ಗೌರಿಬಿದನೂರಿನ ತಿಪ್ಪಯ್ಯನವರು. ತೆಲುಗು ಬೆರೆಸಿ ಮಾತಾಡುವ ಮುದುಕರು. ವಿದುರಾಶ್ವತ್ಥದಲ್ಲಿ ಗೋಲಿಬಾರಾದ ದಿನ ತಾವು ಅಲ್ಲಿದ್ದೆವೆಂದು ಹೇಳುವರು. ಸತ್ತವರು ಪಾಪ ಯಾರಿಗೂ ಹೇಳಿಕೊಳ್ಳಲಿಲ್ಲ. ಅವತ್ತು ಇದ್ದೆವೆಂದು ಆಮೇಲೆ ಹೇಳಿಕೊಂಡವರನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ಆ ತೋಪು ಸಾಲುವುದಿಲ್ಲ. ತಿಪ್ಪಯ್ಯನವರು ಹಾಳೆಯ ಮೇಲೆ ಬೆರಳಾಡಿಸಿ ನನ್ನ ಹೆಸರನ್ನು ಹುಡುಕಿ, "ರಾ ತಮ್ಮುಡೂ! ನೀನೂ ನಾನೂ ಒಂದೇ ಸಾಲಯ್ಯಾ!" ಎಂದು ತಬ್ಬಿಕೊಂಡರು. ನನ್ನ ಕಡೆ ಗೊತ್ತಿದ್ದ ಹೆಸರುಗಳು ಕಡಿಮೆ, ಆದ್ದರಿಂದ ತಲೆಮಾರಿನ ಮೆಟ್ಟಿಲೂ ಕಡಿಮೆ. ಹಾಗಾಗಿ ಹಲ್ಲಿಲ್ಲದ ಮುದುಕರಿಗೆ ನಾನು ತಮ್ಮ. ಪಟೇಲರೂ ಪಕ್ಕದಲ್ಲೇ ನಿಂತು ನಕ್ಕರು. ಅವರು ನಮ್ಮಿಬ್ಬರಿಗಿಂತ ಒಂದು ಸಾಲು ಕೆಳಗೆ.

ನೀವು ಕೇಳಬಹುದು: ಅಲ್ಲಯ್ಯಾ, ಅಷ್ಟು ಜನ ತಲೆಯಿರುವವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲವೇ? ಇಲ್ಲ. ನಮ್ಮ ಜನಕ್ಕೆ ಭೂಮಿ ಮೇಲೆ ಎರಡೇ ಜಾತಿಯ ಮನೆಗಳು. ಒಂದು ಅಣ್ಣತಮ್ಮಂದಿರ ಮನೆ, ಇನ್ನೊಂದು ನಂಟರ ಮನೆ. ಅಣ್ಣತಮ್ಮಂದಿರೊಡನೆ ಆಸ್ತಿಗೆ ಜಗಳ, ನಂಟರೊಡನೆ ಮದುವೆಗೆ ಜಗಳ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಪಾಳೆಯಗಾರನ ಕಾಲು ಹಿಡಿಯುವ ಅವಸರದಲ್ಲಿ, ಎಲ್ಲರೂ ಒಬ್ಬನ ಕಾಲನ್ನೇ ಹಿಡಿದರೆ ನಂಟರು ಎಲ್ಲಿ ಉಳಿದರು ಎಂದು ಯೋಚಿಸುವ ಪುರಸೊತ್ತು ಯಾರಿಗಿತ್ತು? ಅದು ಗೊತ್ತಾಗುವುದಕ್ಕೆ ತಿಪ್ಪಯ್ಯನವರು ಸಾಯಬೇಕಾಯಿತು.

ಮದುವೆಗೆ ಕೆಲವೇ ದಿನ ಉಳಿದಿತ್ತು. ಹುಳು ಕೊನೆಯ ಜ್ವರದಿಂದ ಎದ್ದು ಮಳೆ ಬಿದ್ದ ಹಾಗೆ ಸದ್ದು ಮಾಡಿಕೊಂಡು ಮೇಯುತ್ತಿತ್ತು. ಆ ಗೂಡು ಮಾರಿ ಮದುವೆ ಮಾಡಿಕೊಳ್ಳಬೇಕು. ಅಜ್ಜಿ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪಟೇಲರು ಬಂದವರು ಅಂಗಳದಲ್ಲೇ ನಿಂತರು.

"ಒಳಗೆ ಬರಲ್ಲ ಪಿಳ್ಳಮ್ಮಕ್ಕಾ. ಗೌರಿಬಿದನೂರು ತಿಪ್ಪಯ್ಯನೋರು ಹೋಗ್ಬಿಟ್ರು. ನಮಗೆ ಸೂತಕ. ಸಂಘದಿಂದ ಎಲ್ಲರ್ಗೂ ಹೇಳಿ ಕಳಿಸವ್ರೆ. ಮದುವೆ ಮುಂದಕ್ಕೆ ಹಾಕಣ."

"ಅಯ್ಯೋ ಪಾಪ," ಎಂದಳು ಅಜ್ಜಿ. "ನಿಮಗೇನಾಗ್ಬೇಕಿತ್ತಪ್ಪ?"

"ನಮಗೇ ಏನು, ನಿಮಗೂ ಅಷ್ಟೇ ಅಲ್ವೇನಕ್ಕಾ. ಒಂದೇ ಬುಡ. ನಿಮ್ಮ ಹುಡುಗನೂ ಹುಳು ಮನೇಗೆ ಹೋಗಂಗಿಲ್ಲ."

ಅಜ್ಜಿಯ ಕೈಯಲ್ಲಿದ್ದ ಸೊಪ್ಪು ನಿಂತಿತು. "ಏನಂದೆ? ಹುಳು ಜ್ವರದಿಂದ ಎದ್ದೈತೆ. ಕಂಡೋರು ಯಾರೋ ಸತ್ರೆ ನನ್ನ ಹುಳ ಉಪವಾಸ ಬೀಳಬೇಕಾ?"

"ಕಂಡೋರಲ್ಲಕ್ಕಾ. ತಿಪ್ಪಯ್ಯನೋರು ಇವನ್ನ ತಮ್ಮ ಅಂತ ಬಾಯ್ತುಂಬ ಕರೀತಿದ್ರು."

"ಹಂಗೋ. ಇವನು ಆ ಮುದುಕಪ್ಪನಿಗೆ ತಮ್ಮ. ನಿನಗೆ ಆ ಮುದುಕಪ್ಪ ಏನಾಗ್ಬೇಕು?"

"ದೊಡ್ಡಪ್ಪ."

"ಹಂಗಾದ್ರೆ ಇವನು ನಿನಗೆ?"

ಪಟೇಲರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೀಸೆಯ ಒಂದು ತುದಿ ಅಲುಗಿತು. "ಚಿಕ್... ಚಿಕ್ಕಪ್ಪ."

"ನಿನ್ ಮಗಳಿಗೆ?"

ಒಳಗೆ ಹುಳು ಮೇಯುವುದು ಕೇಳಿಸುತ್ತಿತ್ತು.

"ತಾತ," ಎಂದರು ಪಟೇಲರು.

"ಥೂ ನಿಮ್ಮ ಸಂಘಕ್ಕಿಷ್ಟು!" ಎಂದಳು ಅಜ್ಜಿ. "ಮೊಮ್ಮಗಳನ್ನ ತಾತನಿಗೆ ಕೊಡಕ್ಕೆ ತಾಂಬೂಲ ಬದಲಾಯಿಸ್ಕೊಂಡ್ಯಲ್ಲೋ ಚನ್ನರಾಯ! ನಿನ್ ಬಾಯಿಗೆ ಮಣ್ಣು ಹಾಕ!"

ಪಟೇಲರು ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ನನ್ನ ಕಡೆ ತಿರುಗಿದರು. "ಒಂದು ಕೆಲ್ಸ ಮಾಡಪ್ಪ. ನೀನು ವೃಕ್ಷ ಬಿಟ್ಟು ಇಳಿದುಬಿಡು."

"ನೀವೇ ಇಳೀರಿ ಪಟೇಲ್ರೇ!" ಎಂದೆ. ನಾನೂ ಪಾಳೆಯಗಾರನ ರಕ್ತ ನೋಡಿ, ಬಿಸಿ ಇತ್ತು.

"ನಾನ್ಯಾಕೆ ಇಳೀಲಿ? ನಾನು ಎರಡನೇ ಮಗ, ಪಕ್ಕಾ. ನಿಂದು ಮೂರನೇ ಮಗ, ಕಾಡಿಗೆ ಹೋದೋನು. ಸಭೇಲಿ ಎದ್ದು ನಿಂತು, ನಾನು ಈ ಬುಡದೋನಲ್ಲ ಅಂತ ಹೇಳ್ಬೇಕು, ಬರೆದೋರ ಕೈಲೇ ಹೊಡೆಸಿ ಹಾಕಿಸ್ಬೇಕು. ಇಲ್ದಿದ್ರೆ ನನ್ನ ಮಗಳನ್ನ ಕೊಡಲ್ಲ. ಕೊಡಕ್ಕೆ ಆಗಲ್ಲ ಕಣೋ, ಜನ ಉಗೀತಾರೆ."

ಅವರು ಹೋದಮೇಲೆ ಅಜ್ಜಿ ಹೇಳಿದಳು, ತಾತನ ವಿಷಯವನ್ನು. ತಾತ ಮಡಕಶಿರಾ ಕಡೆಯಿಂದ ಬಾವಿ ತೋಡಲು ಬಂದವನು. ನಮ್ಮ ಜನವೇ, ಆದರೆ ಹಾರೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲದವನು. "ಬಾವಿ ಮುಗೀತು. ಅವನು ಹೋಗ್ಲಿಲ್ಲ," ಎಂದಳು ಅಜ್ಜಿ. ಇಷ್ಟು ಹೇಳುವಾಗ ಆ ಮುಖದಲ್ಲಿ ಒಂದು ಬಗೆಯ ನಾಚಿಕೆ ಕಂಡೆ. ಅಜ್ಜಿಗೂ ಒಂದು ಕಾಲದಲ್ಲಿ ಹದಿನಾರು ವರ್ಷ ಇದ್ದಿರಬೇಕೆಂದು ಮೊದಲ ಸಲ ಹೊಳೆಯಿತು. ಅಜ್ಜಿಗೆ ಅಣ್ಣತಮ್ಮಂದಿರಿರಲಿಲ್ಲ. ಅವಳ ಅಪ್ಪ ಅವನನ್ನು ಮನೆಅಳಿಯನಾಗಿ ಇಟ್ಟುಕೊಂಡ. ಹೆಳವನನ್ನು ಬಾಯಿ ತೆರೆಯಲು ಬಿಡದೆ ಕಳಿಸುತ್ತಿದ್ದುದು ಅದಕ್ಕೇ. ತಾತ ಬದುಕಿರುವವರೆಗೆ ಊರವರು ಅವನನ್ನು ಮನೆಅಳಿಯ ಎಂದು ಆಡಿಕೊಂಡಿದ್ದು ಸಾಕು, ಎತ್ತಿನ ಮೇಲೆ ಕೂತವನೂ ಸೇರಿಕೊಳ್ಳುವುದು ಬೇಡ ಎಂದು.

ನನ್ನ ಸ್ಥಿತಿ ಯೋಚಿಸಿ. ಬೆಳಿಗ್ಗೆ ಎದ್ದಾಗ ಪಾಳೆಯಗಾರನ ವಂಶ, ಮಧ್ಯಾಹ್ನ ಉಣ್ಣುವಾಗ ಬಾವಿ ತೋಡುವವನ ಮೊಮ್ಮಗ. ಕಿರೀಟವಿರುವ ಮುತ್ತಾತನನ್ನು ಬಿಡಬೇಕೋ, ಕಾಫಿ ಆರಿಹೋಗುತ್ತದೆ ಎಂದ ಹುಡುಗಿಯನ್ನು ಬಿಡಬೇಕೋ. ಹುಡುಗಿಯನ್ನೇ ಆರಿಸಿಕೊಂಡೆ ಎಂದು ತಕ್ಷಣ ಹೇಳಿಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ. ನಿಜವೆಂದರೆ ಆ ದಿನ ಸೊಪ್ಪು ಹಾಕುತ್ತ ಕಿರೀಟದ ಕಡೆಗೂ ಸಾಕಷ್ಟು ಯೋಚಿಸಿದೆ. ಸೊಪ್ಪು ಹಾಕಿದೆ ಅಂದೆನಲ್ಲ? ಹೌದು, ಹುಳು ಮನೆಗೆ ಹೋದೆ. ಅಲ್ಲಿಗೆ ಕಾಲಿಟ್ಟ ಮೇಲೆ ಸೂತಕ ನನ್ನದಲ್ಲ, ಸೂತಕ ನನ್ನದಲ್ಲದ ಮೇಲೆ ಪಾಳೆಯಗಾರನೂ ನನ್ನವನಲ್ಲ. ಕಾಲು ಮೊದಲು ತೀರ್ಮಾನ ಮಾಡಿತು. ತಲೆ ಹಿಂದಿನಿಂದ ಬಂತು.

ಚಿಂತಾಮಣಿಯ ಸಭೆಯಲ್ಲಿ ಎದ್ದು ನಿಂತೆ. "ಸ್ವಾಮಿ, ನನ್ನ ಹೆಸರು ಹೊಡೆದುಹಾಕಿ. ನಾನು ಮೂರನೇ ಮಗನ ಕಡೆಯೋನಲ್ಲ. ನಮ್ಮ ತಾತ ಬಾವಿ ತೋಡಕ್ಕೆ ಬಂದು ಮನೆಅಳಿಯನಾದೋನು" ಎಂದೆ. ಇನ್ನೂ ಮುಂದಕ್ಕೆ, ಆ ಬಾವಿಯ ನೀರು, ಬೆವರು, ದುಡಿಮೆ ಎಂದೆಲ್ಲ ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದೆ. ನನ್ನ ಜೀವನದ ಒಂದೇ ಒಂದು ಭಾಷಣ. ಅದನ್ನು ಪೂರ್ತಿ ಕೇಳಿದವನು, ಅದೂ ಸಭೆ ಮುಗಿದ ಮೇಲೆ, ಉಪ್ಪಿಟ್ಟು ಬಡಿಸುವವನೊಬ್ಬನೇ.

ಯಾಕೆಂದರೆ ಶೇಕದಾರರು ನಡುವೆಯೇ, "ಆಗಲ್ಲಯ್ಯ. ಅಚ್ಚಾಗಿಹೋಗಿದೆ. ಕಾರಣ ಏನು?" ಎಂದರು. "ಪಟೇಲರ ಮಗಳನ್ನ ತರಬೇಕು ಸ್ವಾಮಿ. ಹಾಳೆ ಪ್ರಕಾರ ನಾನು ಅವಳಿಗೆ ತಾತ" ಎಂದೆ. ಮೊದಲು ನಗು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿ ಹಾಳೆ ಬಿಡಿಸಿದರು. ಬೆರಳುಗಳು ಹಾಳೆಯ ಮೇಲೆ ಓಡಾಡಿದವು. ಒಬ್ಬರು ಮಗನಿಗೆ ಪಕ್ಕದಲ್ಲಿ ಕೂತವರ ಮಗಳನ್ನು ಗೊತ್ತುಮಾಡಿದ್ದರು. ಅವರು ಪಕ್ಕದಿಂದ ಎದ್ದರು. ಇನ್ನೊಬ್ಬರು ಎದುರಿನ ಸಾಲಿನವರಿಗೆ, "ನೀವು ಇಳೀರಿ" ಎಂದರೆ ಅವರು, "ನೀನು ಇಳಿಯಯ್ಯಾ, ನೀನೇ ಕೊನೇಲಿ ಹತ್ತಿದ್ದು" ಎಂದರು. ಪಾಳೆಯಗಾರನ ವಂಶಸ್ಥರು ಮೇಲುವಸ್ತ್ರ ಹಿಡಿದು ಎಳೆದಾಡಿದರು. ಆ ಒಂದು ವಿಷಯದಲ್ಲಿ ಅವರೆಲ್ಲ ನಿಜವಾಗಿಯೂ ದಾಯಾದಿಗಳೆಂದು ಯಾರಾದರೂ ಒಪ್ಪಬೇಕು.

ಕೊನೆಗೆ ಶೇಕದಾರರು ಮೇಜು ಗುದ್ದಿ, "ಶಾಂತರಾಗಿ! ಇದರಲ್ಲೇನೂ ಅನರ್ಥವಿಲ್ಲ" ಎಂದರು.

ಆಗ ಪಟೇಲರು ಎದ್ದರು. "ಅನರ್ಥ ಇಲ್ಲ ಅಂತೀರಾ? ನಿಮ್ಮ ಖಜಾಂಚಿ ಯಾರು ಸ್ವಾಮಿ?"

ಸಂಘದ ಖಜಾಂಚಿ ಶೇಕದಾರರ ಸ್ವಂತ ಅಳಿಯ. ಮಾವನ ಒತ್ತಾಯಕ್ಕೆ ಅವನೂ ಮೂರನೇ ಮಗನ ಕಡೆ ಸೇರಿದ್ದ. ಮದುವೆಯಾಗಿ ಎರಡು ಮಕ್ಕಳು. ಹಾಳೆ ಪ್ರಕಾರ ಅಣ್ಣತಂಗಿಯರ ಮಕ್ಕಳು! ಶೇಕದಾರರು, ಛತ್ರದಿಂದ ತಂದು ಗೋಡೆಗೆ ಹಾಕಿದ್ದ ಪಾಳೆಯಗಾರನ ಚಿತ್ರದಲ್ಲಿ ತಮ್ಮದೇ ಮುಖವನ್ನು ಒಮ್ಮೆ ನೋಡಿದರು. ಅಲ್ಲಿಂದ ಸಲಹೆ ಬರಲಿಲ್ಲ. ಮಸಿಬುಡ್ಡಿ ತರಿಸಿದರು. ಮೂರನೇ ಮಗ ಕಾಡಿಗೆ ಹೋದದ್ದು ನಿಜ, ಆದರೆ ಅಲ್ಲಿ ಅವನನ್ನು ಚಿರತೆ ತಿಂದಿತೆಂದೂ ಅವನಿಗೆ ಸಂತಾನವಿರಲಿಲ್ಲವೆಂದೂ ಹೊಸದಾಗಿ ಶೋಧಿಸಿ, ಒಂದೇ ಗೀಟಿನಲ್ಲಿ ಅರ್ಧ ಸಂಘವನ್ನು ಅನಾಥ ಮಾಡಿದರು. ಉಳಿದರ್ಧ ಮುಂದಿನ ಸಭೆಗೆ ಬರಲಿಲ್ಲ. ಅವರಿಗೂ ಮಕ್ಕಳಿದ್ದರು.

ನನ್ನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ವಾರ ಕಳೆದು ಪಟೇಲರು ಮತ್ತೆ ಬಂದರು. ಈ ಸಲ ಜಗಲಿ ಹತ್ತಿ ಕೂತರು. ಮುಖ ಮಾತ್ರ ಇನ್ನೂ ಅಂಗಳದಲ್ಲೇ ಇತ್ತು.

"ತಾತ ಅನ್ನೋದು ಹೋಯ್ತು, ಸರಿ. ಆದ್ರೆ ಈಗ ನೀನು ಯಾರಪ್ಪ? ಬಾವಿ ತೋಡೋನ ಮೊಮ್ಮಗನಿಗೆ ಮಗಳನ್ನ ಕೊಟ್ಟ ಅಂತ ನಮ್ಮೋರು ನಗಲ್ವಾ? ನಾನೇನು ಹೇಳ್ಲಿ?"

ಹೆಮ್ಮೆಯ ಮನುಷ್ಯ ನಾನು. ಎದ್ದು, ಹೋಗಿ ಬನ್ನಿ ಎನ್ನುವುದರಲ್ಲಿದ್ದೆ. ಬಾಯಿ ತೆರೆಯುವ ಮುಂಚೆ ಅಜ್ಜಿ ಮೊರ ಕೆಳಗಿಟ್ಟಳು.

"ಚನ್ನರಾಯ, ಈ ಹೊಲ ಯಾರ್ದು?"

"ನಿಮ್ದೇ ಅಕ್ಕಾ."

"ನನ್ನದು. ನಮ್ಮಪ್ಪಂದು, ಅವರಪ್ಪಂದು. ಈ ಮನೆ, ಮನೆದೇವ್ರು, ಎಲ್ಲಾ ನನ್ನಿಂದ ಬಂದಿದ್ದು. ಮನೆತನ ಮನೆತನ ಅಂತ ಊರೂರು ಸುತ್ತಿದ್ರಿ. ಮನೇಲಿ ಕೂತಿರೋಳನ್ನ ಒಬ್ಬನಾದ್ರೂ ಬಂದು ಕೇಳಿದ್ನಾ? ನಿಮ್ಮ ಹಾಳೇಲಿ ಹೆಂಗಸ್ರೇ ಇಲ್ಲ ಅಂತಲ್ಲ. ನಿಮ್ಮನ್ನೆಲ್ಲ ಯಾರು ಹೆತ್ರು, ಪಾಳೆಯಗಾರನಾ? ಕೇಳೋರಿಗೆ ಹೇಳು, ಪಿಳ್ಳಮ್ಮನ ಮನೇಗೆ ಕೊಟ್ಟೆ ಅಂತ. ನಗೋರಿದ್ರೆ ನನ್ ಮುಂದೆ ಬಂದು ನಗ್ಲಿ."

ಪಟೇಲರು ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ, "ನಿಮ್ಮ ಕಡೆಯೋರಿಗೂ ನಮಗೂ ಯಾವ ಕಾಲದಾಗೂ ಸೂತಕ ಇಲ್ಲ ತಾನೆ?" ಎಂದರು.

"ಇಲ್ಲ."

"ಹಂಗಾದ್ರೆ ನಂಟರೇ ಸರಿ," ಎಂದು ತಾಂಬೂಲದ ತಟ್ಟೆಗೆ ಕೈಹಾಕಿದರು.

ಮದುವೆಯಾದ ಎಷ್ಟೋ ದಿನದ ಮೇಲೆ ಜಯಮ್ಮನನ್ನು ಕೇಳಿದೆ, ನಿಮ್ಮಪ್ಪ ಒಪ್ಪದಿದ್ದರೆ ಏನು ಮಾಡುತ್ತಿದ್ದೆ ಎಂದು. "ನಮ್ಮಪ್ಪ ಒಪ್ಪಿಕೊಂಡೇ ಅಲ್ಲಿಗೆ ಬಂದಿದ್ದು," ಎಂದಳು. "ಒಪ್ಪೋವರೆಗೂ ನಾನು ಮನೇಲಿ ಒಲೆ ಹಚ್ಚಿರಲಿಲ್ಲ." ಹಾಗಾದರೆ ಅವತ್ತು ಜಗಲಿಯ ಮೇಲೆ ಅಷ್ಟು ಹೊತ್ತು ಮೀಸೆ ತಿರುವಿದ್ದು ಯಾಕೆ? ಉಪವಾಸವಿದ್ದ ಗಂಡಸು ಮರ್ಯಾದೆ ಉಳಿಸಿಕೊಳ್ಳಲು ಇನ್ನೇನು ತಿರುವಬೇಕು ಹೇಳಿ.

ಆದ್ದರಿಂದ ಮೇಷ್ಟ್ರೇ, ಸಂಘವನ್ನು ಧಾರಾಳವಾಗಿ ಎಬ್ಬಿಸಿ. ಸೇರಿದವರಿಗೆ ಸತ್ತವರ ಪರಿಚಯ ಆಗುತ್ತದೆ, ಇರುವವರ ಬಣ್ಣ ಗೊತ್ತಾಗುತ್ತದೆ, ಉಪ್ಪಿಟ್ಟು ಬಿಸಿಯಾಗಿರುತ್ತದೆ. ಮದುವೆ ವಯಸ್ಸಿನ ಮಕ್ಕಳಿರುವವರನ್ನು ಮಾತ್ರ ಬಾಗಿಲಲ್ಲೇ ತಡೆಯಿರಿ. ನನ್ನನ್ನು ಸದಸ್ಯನಾಗಿ ಬರೆದುಕೊಳ್ಳಬೇಡಿ. ಇಷ್ಟು ಬರೆದು ಜಯಮ್ಮನಿಗೆ ಓದಿ ಹೇಳಿದೆ. "ನನ್ನ ಹೆಸರು ಹಾಕಿದ್ದೀರಾ?" ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ಸರಿ, ಕಳಿಸಿ ಎಂದಳು.

ಈಗ ನನಗಿರುವುದು: ಎರಡೂಕಾಲು ಎಕರೆ ಹಿಪ್ಪುನೇರಳೆ, ಹುಳು ಮನೆ ಒಂದು, ಕರೆಯುವ ಹಸು ಎರಡು. ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಗಂಡು ಮಗ ಒಬ್ಬ. ನಂಟರ ಮನೆ ದಿಬ್ಬೂರಹಳ್ಳಿಯಲ್ಲಿ ಒಂದು. ಅಣ್ಣತಮ್ಮಂದಿರು ಯಾರೂ ಇಲ್ಲ.